ಪದ ಪರಿಚಯ: ಕ್ಲಿನಿಕಲ್ ಟ್ರಯಲ್

ಕೋಲಾರದ ಕಡೆ ‘ಟ್ರಯಲ್’ ಹೊಸ ಮಾತೇನಲ್ಲ. ಬೀಜದ ಕಂಪನಿಯವರು ಹೊಸ ಟೊಮೆಟೊ ತಳಿ ತಂದುಕೊಟ್ಟರೆ ನಮ್ಮ ಚಿಕ್ಕಪ್ಪ ಅದನ್ನು ನಾಲ್ಕು ಸಾಲು ಹಾಕಿ, ಪಕ್ಕದಲ್ಲೇ ನಾಲ್ಕು ಸಾಲು ಹಳೆಯದನ್ನು ನಾಟುತ್ತಾರೆ. ನೀರು, ಗೊಬ್ಬರ, ಔಷಧಿ ಎರಡಕ್ಕೂ ಒಂದೇ. ಎರಡರ ಹಣ್ಣೂ ಮಂಡಿಗೆ ಹೋಗಿ ಬಂದ ಮೇಲೆ ಯಾವುದು ವಾಸಿ ಅನ್ನುವ ತೀರ್ಮಾನ. ಈಚೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವರ ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆಯ ಟ್ರಯಲ್ ಇದೆ, ಸೇರ್ತೀರಾ ಎಂದು ಕೇಳಿದ್ದರು. “ಹೊಸ ಮಾತ್ರೆ ಫ್ರೀಯಾಗಿ ಕೊಡ್ತಾರಂತೆ ಕಣಪ್ಪ” ಅಂದರು ಚಿಕ್ಕಪ್ಪ. ಪಕ್ಕದ ನಾಲ್ಕು ಸಾಲು ಮರೆತೇಬಿಟ್ಟಿದ್ದರು.

ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಇನ್ನೂ ಖಚಿತವಾಗದೆ ಇರುವಾಗ ಮನುಷ್ಯರ ಮೇಲೆ ಅದನ್ನು ಪರೀಕ್ಷಿಸುವುದೇ ಕ್ಲಿನಿಕಲ್ ಟ್ರಯಲ್. ಸೇರಿದವರಲ್ಲಿ ಕೆಲವರಿಗೆ ಹೊಸ ಮಾತ್ರೆ. ಉಳಿದವರಿಗೆ ಬಳಕೆಯಲ್ಲಿರುವ ಹಳೆಯದು, ಇಲ್ಲವೇ ಔಷಧಿಯೇ ಇಲ್ಲದ ಹುಸಿ ಮಾತ್ರೆ, ಅಂದರೆ ಪ್ಲಾಸಿಬೊ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸುತ್ತಾರೆ. ಎಷ್ಟೋ ಸಲ ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ತಮಾಷೆಯೆಂದರೆ ಈ ಚೀಟಿಯ ಉಪಾಯವೂ ಹೊಲದ್ದೇ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಬೆಳೆ ಪ್ರಯೋಗಗಳಿಗೆಂದು ಇದನ್ನು ರೂಢಿಗೆ ತಂದರು. 1948ರಲ್ಲಿ ಪ್ರಕಟವಾದ ಕ್ಷಯರೋಗದ ಔಷಧಿ ಸ್ಟ್ರೆಪ್ಟೊಮೈಸಿನ್‌ನ ಪ್ರಯೋಗದಿಂದ ಅದು ಆಸ್ಪತ್ರೆಯಲ್ಲೂ ನೆಲೆಯೂರಿತು.

ಟ್ರಯಲ್ ನಡೆಯುವುದು ನಾಲ್ಕು ಹಂತಗಳಲ್ಲಿ; ನಿಮ್ಮದು ಯಾವ ಹಂತ ಎಂದು ಕೇಳಿಕೊಳ್ಳಿ. ಮೊದಲ ಹಂತದಲ್ಲಿ ಕೆಲವೇ ಜನ, ಹೆಚ್ಚಾಗಿ ಆರೋಗ್ಯವಂತರು. ಮೈ ಎಷ್ಟು ಡೋಸ್ ತಡೆದುಕೊಳ್ಳುತ್ತದೆ ಎಂದು ನೋಡುವ ಹಂತ ಅದು. ಮೂರನೆಯದಕ್ಕೆ ಬರುವ ಹೊತ್ತಿಗೆ ನೂರಾರು, ಸಾವಿರಾರು ರೋಗಿಗಳು. ನಾಲ್ಕನೆಯದು ಔಷಧಿ ಅಂಗಡಿಗೆ ಬಂದ ಮೇಲೆ.

ಟೊಮೆಟೊ ಗಿಡದ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಮನುಷ್ಯನದು ಕೇಳಲೇಬೇಕು. ನಮ್ಮ ದೇಶದಲ್ಲಿ ಇದಕ್ಕೆ 2019ರ ನಿಯಮಗಳಿವೆ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಪತ್ರ ಕೊಟ್ಟು, ವಿವರಿಸಿ, ಆಮೇಲೆ ಸಹಿ. ಕೋಲಾರ ಸೀಮೆಯಲ್ಲಿ ಎಷ್ಟೋ ಜನರ ಮನೆಮಾತು ತೆಲುಗು. ಹಾಗಿದ್ದರೆ ಸಂಕೋಚಪಡದೆ ತೆಲುಗಿನಲ್ಲೇ ಕೇಳಿ. ಓದಲು ಬಾರದವರಿಗೆ ವಿವರಿಸುವಾಗ ಮೊದಲಿನಿಂದ ಕೊನೆಯವರೆಗೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರು ಕೂತಿರಬೇಕು; ಹೆಬ್ಬೆಟ್ಟಿನ ಹೊತ್ತಿಗೆ ಬಂದು ನಿಂತರೆ ಸಾಲದು.

ಚಿಕ್ಕಪ್ಪನಿಗೆ ಕೊಟ್ಟ ಒಪ್ಪಿಗೆ ಫಾರಂನಲ್ಲಿ ನಾಮಿನಿ ಹೆಸರು, ವಾರ್ಷಿಕ ಆದಾಯ ಬರೆಯಲು ಜಾಗವಿತ್ತು. “ಇದೇನು, ಎಲ್‌ಐಸಿನಾ?” ಎಂದು ನಕ್ಕರು. ನಗುವ ಸಂಗತಿಯಲ್ಲ. ಟ್ರಯಲ್‌ನಿಂದಲೇ ಸಾವು ಬಂದರೆ ಪರಿಹಾರ ಯಾರ ಕೈಗೆ ಸೇರಬೇಕು ಎಂಬುದಕ್ಕೆ ಆ ನಾಮಿನಿ. ತೊಂದರೆಯಾದರೆ ಚಿಕಿತ್ಸೆ ಉಚಿತ; ಅಗತ್ಯವಿರುವಷ್ಟು ದಿನ, ಇಲ್ಲವೇ ಟ್ರಯಲ್‌ಗೂ ತೊಂದರೆಗೂ ಸಂಬಂಧವಿಲ್ಲ ಎಂದು ಸಾಬೀತಾಗುವವರೆಗೆ. ನಡುವೆ ಯಾವತ್ತು ಬೇಕಾದರೂ ಬಿಟ್ಟು ಬರಬಹುದು, ಕಾರಣ ಹೇಳಬೇಕಿಲ್ಲ, ಮಾಮೂಲಿ ಚಿಕಿತ್ಸೆಗೆ ಅಡ್ಡಿ ಮಾಡುವಂತಿಲ್ಲ. ಇನ್ನೊಂದು: ದೇಶದ ಟ್ರಯಲ್‌ಗಳೆಲ್ಲ ಸಿಟಿಆರ್‌ಐ ಎಂಬ ಸರ್ಕಾರಿ ಪಟ್ಟಿಯಲ್ಲಿ ನೋಂದಣಿಯಾಗಬೇಕು, ಅದನ್ನು ಫೋನಿನಲ್ಲೇ ನೋಡಬಹುದು. ಆ ನೋಂದಣಿ ನಂಬರ್ ಕೇಳಿದರೆ ತಡವರಿಸುವವರ ಹತ್ತಿರ ನಾನಂತೂ ಕೂರುವುದಿಲ್ಲ.

ಚಿಕ್ಕಪ್ಪ ಸಹಿ ಹಾಕದೆ ಪತ್ರವನ್ನು ಮನೆಗೆ ತಂದಿದ್ದಾರೆ, ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದೆ. ಅಂಚಿನಲ್ಲಿ ಮಗಳ ಕೈಲಿ ಎರಡು ಪ್ರಶ್ನೆ ಬರೆಸಿದ್ದಾರೆ: ಬಸ್ ಚಾರ್ಜ್ ಯಾರದು? ಟ್ರಯಲ್ ಮುಗಿದ ಮೇಲೆ ಈ ಮಾತ್ರೆ ನನಗೆ ಸಿಗುತ್ತದಾ?