ಕಲಬುರಗಿಯ ಬೇಸಿಗೆಯೂ ಮೀಟರಿನ ಯೂನಿಟ್ಟೂ

ಕಲಬುರಗಿಯ ಚಳಿಗಾಲದಲ್ಲಿ 2000 ವ್ಯಾಟಿನ ಗೀಸರ್ ಹಾಕಲು ಅಳುಕುವ ಮನೆಯವರೇ, ಉಷ್ಣಾಂಶ 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ 200 ವ್ಯಾಟಿನ ಕೂಲರನ್ನು ದಿನವಿಡೀ ಓಡಿಸುತ್ತಾರೆ. ಗೀಸರ್ ದಿನಕ್ಕೆ ಕಾಲು ಗಂಟೆ ಉರಿದರೆ ಅರ್ಧ ಯೂನಿಟ್ ಖರ್ಚಾಗುತ್ತದೆ; ಹನ್ನೆರಡು ಗಂಟೆ ತಿರುಗಿದ ಕೂಲರಿಗೆ 2.4 ಯೂನಿಟ್ ಬೇಕು. ತಿಂಗಳ ಲೆಕ್ಕದಲ್ಲಿ ಗೀಸರಿಗೆ 15 ಯೂನಿಟ್, ಕೂಲರಿಗೆ 72.

ವ್ಯಾಟ್ ಎಂಬುದು ಶಕ್ತಿ ವ್ಯಯವಾಗುವ ವೇಗವನ್ನಷ್ಟೇ ಹೇಳುತ್ತದೆ. ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಒಂದು ಲೀಟರ್ ನೀರನ್ನು ಹತ್ತು ಸೆಂಟಿಮೀಟರ್ ಮೇಲೆತ್ತಲು ಸುಮಾರು ಒಂದು ಜೂಲ್ ಸಾಕಾಗುವುದರಿಂದ, ಮನೆಬಳಕೆಗೆ ಅದು ತೀರ ಚಿಕ್ಕ ಅಳತೆ. ಆದ್ದರಿಂದಲೇ ಸಾವಿರ ವ್ಯಾಟ್ ವೇಗದಲ್ಲಿ ಒಂದು ಗಂಟೆ ವ್ಯಯವಾದ ಶಕ್ತಿಯನ್ನು, ಅಂದರೆ 36 ಲಕ್ಷ ಜೂಲನ್ನು, ಒಂದು ಕಿಲೋವ್ಯಾಟ್-ಗಂಟೆ ಎಂದು ಎಣಿಸುತ್ತಾರೆ. ನಾವು ಯೂನಿಟ್ ಎನ್ನುವುದು ಇದನ್ನೇ. ಜೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಕಿಲೋವ್ಯಾಟಿನಲ್ಲಿಯೂ ತಿಂಗಳ ಬಳಕೆ ಯೂನಿಟ್ಟಿನಲ್ಲಿಯೂ ಇರುವುದನ್ನು ಗಮನಿಸಬೇಕು: ನಿಗದಿತ ಶುಲ್ಕ ಮೊದಲನೆಯದಕ್ಕೆ, ವಿದ್ಯುತ್ ಶುಲ್ಕ ಎರಡನೆಯದಕ್ಕೆ.

ಯೂನಿಟ್ ಕಣ್ಣಿಗೆ ಕಾಣುವುದು ಮೀಟರಿನಲ್ಲಿ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ, ಒಂದು ಯೂನಿಟ್ಟಿಗೆ ಅದರ ಕೆಂಪು ದೀಪ ಎಷ್ಟು ಸಲ ಮಿನುಗುತ್ತದೆ ಎಂಬ ಸಂಖ್ಯೆ ಅಚ್ಚಾಗಿರುತ್ತದೆ. ಅನೇಕ ಮೀಟರುಗಳಲ್ಲಿ ಅದು 3200. ಮನೆಯ ಉಳಿದೆಲ್ಲ ಸ್ವಿಚ್ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದು, ಕೂಲರನ್ನು ಮಾತ್ರ ಹಾಕಿದಾಗ ಅಂಥ ಮೀಟರಿನಲ್ಲಿ ಹತ್ತು ಮಿನುಗುಗಳಿಗೆ ಸುಮಾರು 56 ಸೆಕೆಂಡ್ ಹಿಡಿದರೆ, ಕೂಲರ್ ಎಳೆಯುತ್ತಿರುವುದು ನಿಜವಾಗಿಯೂ 200 ವ್ಯಾಟ್. ಅದೇ ಹತ್ತು ಮಿನುಗು 40 ಸೆಕೆಂಡಿನಲ್ಲೇ ಮುಗಿದರೆ ಅದು 280 ವ್ಯಾಟ್ ಎಳೆಯುತ್ತಿದೆ ಎಂದರ್ಥ. ಶಾಲೆಯ ಮಕ್ಕಳಿಂದ ಈ ಪ್ರಯೋಗವನ್ನು ಮಾಡಿಸಲೇಬೇಕು ಎಂಬುದು ನನ್ನ ಆಗ್ರಹ. ಗಡಿಯಾರವೊಂದಿದ್ದರೆ ಸಾಕು, ಪಠ್ಯದ ಸೂತ್ರ ಅವರ ಕಣ್ಣೆದುರೇ ಮಿನುಗುತ್ತದೆ.

ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಇಡೀ ಬಿಲ್ ಕಟ್ಟಬೇಕಾಗುವುದರಿಂದ ಬೇಸಿಗೆಯಲ್ಲಿ ಈ ಲೆಕ್ಕಕ್ಕೆ ಬೆಲೆ ಹೆಚ್ಚು. 75 ವ್ಯಾಟಿನ ಎರಡು ಹಳೆಯ ಫ್ಯಾನುಗಳು ಹಗಲೂ ರಾತ್ರಿ ತಿರುಗಿದರೆ 108 ಯೂನಿಟ್. ಅದಕ್ಕೆ ಕೂಲರಿನ 72 ಸೇರಿದರೆ 180. ಫ್ರಿಜ್, ಮೋಟಾರ್, ಮಿಕ್ಸರ್, ದೀಪ ಎಲ್ಲಕ್ಕೂ ಉಳಿಯುವುದು 20. ಆ ಎರಡು ಫ್ಯಾನುಗಳ ಬದಲು 30 ವ್ಯಾಟಿನ ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನುಗಳನ್ನು ಹಾಕಿಸಿದರೆ ಅವುಗಳ ಪಾಲು 43 ಯೂನಿಟ್ಟಿಗೆ ಇಳಿದು, ಮಿಕ್ಕ ಬಳಕೆಗೆ 85 ಯೂನಿಟ್ ದೊರೆಯುತ್ತದೆ.