ಲೇಖನ ಎಣಿಸಿದ ಮೇಲೆ ಒಟ್ಟು ಎಷ್ಟು ಅಂತಲೂ ನೋಡಿ

ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳು ನನ್ನ ಹತ್ತಿರ ತರುವ ಕರಡುಗಳಲ್ಲಿ ಒಂದು ಬಗೆಯದು ತುಂಬಾ ಜಾಸ್ತಿ. ಯಾವುದೋ ವಿಷಯದ 'ಸಂಶೋಧನಾ ಪ್ರವೃತ್ತಿಗಳು' ಅಂತ ಶೀರ್ಷಿಕೆ. ಸಂಶೋಧನಾ ಲೇಖನಗಳ ಡೇಟಾಬೇಸ್ ಆದ ಸ್ಕೋಪಸ್‌ನಲ್ಲಿ ಹುಡುಕಾಟ, ವರ್ಷವಾರು ಎಣಿಕೆ, ಮೇಲಕ್ಕೆ ಹೋಗುವ ಗೆರೆ, ಕೀವರ್ಡ್‌ಗಳ ನಂಟನ್ನು ಚಿತ್ರವಾಗಿ ತೋರಿಸುವ ವಿಓಎಸ್‌ವ್ಯೂವರ್ ತಂತ್ರಾಂಶದ ಬಣ್ಣಬಣ್ಣದ ನಕ್ಷೆ. ಆಮೇಲೆ 'ಈ ವಿಷಯದಲ್ಲಿ ಆಸಕ್ತಿ ಗಣನೀಯವಾಗಿ ಹೆಚ್ಚಿದೆ' ಅನ್ನೋ ತೀರ್ಮಾನ.

ಯಾವುದಕ್ಕೆ ಹೋಲಿಸಿದರೆ ಹೆಚ್ಚಿದೆ? ಇದನ್ನು ಕೇಳಿದ ತಕ್ಷಣ ಎಲ್ಲರೂ ಮತ್ತೆ ಅದೇ ಗೆರೆ ತೋರಿಸುತ್ತಾರೆ.

ವಿಜ್ಞಾನದ ಬರವಣಿಗೆ ಸುಮಾರು 10ರಿಂದ 15 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಎಂದು ವಿಜ್ಞಾನದ ಇತಿಹಾಸಕಾರ ಡೆರೆಕ್ ಡಿ ಸೊಲ್ಲಾ ಪ್ರೈಸ್ 1963ರಲ್ಲೇ ಬರೆದಿದ್ದರು. ಎಲ್ಲವೂ ಬೆಳೆಯುತ್ತಿರುವಾಗ ನಿಮ್ಮ ವಿಷಯವೂ ಬೆಳೆಯುತ್ತದೆ. ಲೆಕ್ಕ ಹಾಕಿಯೇ ಹೇಳುತ್ತೇನೆ. ನಿಮ್ಮ ವಿಷಯದ ಮೇಲೆ ಒಂದು ವರ್ಷ 100 ಲೇಖನ ಬಂದವು, ಇಡೀ ಕ್ಷೇತ್ರದಲ್ಲಿ 5,000 ಅಂದುಕೊಳ್ಳಿ. ಕೆಲವು ವರ್ಷ ಕಳೆದ ಮೇಲೆ ನಿಮ್ಮದು 200, ಕ್ಷೇತ್ರದ್ದು 10,000. ಗ್ರಾಫ್‌ನಲ್ಲಿ ದುಪ್ಪಟ್ಟು ಕಾಣುತ್ತದೆ, ಪಾಲು ಮಾತ್ರ ಎರಡೂ ಸಲ ಶೇ. 2. ಆಸಕ್ತಿ ಇದ್ದಲ್ಲೇ ಇದೆ, ಅಲ್ವಾ?

ಡೇಟಾಬೇಸ್ ಕೂಡ ಸುಮ್ನೆ ಕೂತಿರುವುದಿಲ್ಲ. ಸ್ಕೋಪಸ್‌ನಂಥದ್ದೇ ಇನ್ನೊಂದು ಡೇಟಾಬೇಸ್ ವೆಬ್ ಆಫ್ ಸೈನ್ಸ್ 2015ರಲ್ಲಿ ಎಮರ್ಜಿಂಗ್ ಸೋರ್ಸಸ್ ಸೈಟೇಶನ್ ಇಂಡೆಕ್ಸ್ ಅನ್ನೋ ಹೊಸ ಪಟ್ಟಿ ಶುರು ಮಾಡಿತು, ಅದರ ಮೂಲಕ ಸಾವಿರಾರು ಪತ್ರಿಕೆಗಳು ಒಳಗೆ ಬಂದವು. ಆ ಸುಮಾರಿಗೆ ನಿಮ್ಮ ಗೆರೆ ಜಿಗಿದಿದ್ದರೆ, ಜನ ಜಾಸ್ತಿ ಬರೆದರೋ ಪತ್ರಿಕೆಗಳು ಜಾಸ್ತಿ ಸೇರಿದವೋ ಅಂತ ನೋಡಲೇಬೇಕು.

ಒಬ್ಬ ವಿದ್ಯಾರ್ಥಿಯ ಗ್ರಾಫ್ ಕೊನೆಯ ವರ್ಷದಲ್ಲಿ ಧಡಕ್ಕನೆ ಕುಸಿದಿತ್ತು. ಸಂಶೋಧಕರ ಒಲವು ಯಾಕೆ ಕಡಿಮೆಯಾಯಿತು ಎಂದು ಪಾಪ, ಅರ್ಧ ಪುಟ ವಿವರಣೆ ಬರೆದಿದ್ದರು. ಅವರು ಹುಡುಕಿದ್ದು ಆ ವರ್ಷ ಮುಗಿಯುವ ಮೊದಲೇ! ವರ್ಷ ಮುಗಿದ ಮೇಲೂ ಎಲ್ಲ ಲೇಖನಗಳು ಡೇಟಾಬೇಸ್‌ಗೆ ಏರಲು ತಿಂಗಳುಗಳು ಹಿಡಿಯುತ್ತವೆ. ಹುಡುಕಿದ ದಿನಾಂಕ ಮತ್ತು ಹುಡುಕಲು ಬಳಸಿದ ಪದಗಳ ಪೂರ್ತಿ ಸಾಲು ಬರೆದಿಡಿ ಎಂದು ನಾನು ಪೀಡಿಸುವುದು ಇದಕ್ಕೇ.

ನಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಕ್ಷೆಗೆ ಸೇರಲು ಕೀವರ್ಡ್ ಕನಿಷ್ಠ 5 ಸಲ ಬರಬೇಕು ಎಂದಿದ್ದನ್ನು 10 ಮಾಡಿ ನೋಡಿ. ಕೀವರ್ಡ್‌ಗಳ ಎಷ್ಟು ಗುಂಪು ಉಳಿಯುತ್ತವೆ ಅಂತ ನಿಮಗೇ ಗೊತ್ತಾಗುತ್ತದೆ.

ಪಾಲು ಲೆಕ್ಕ ಹಾಕಿದರೂ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ವೆಬ್ ಆಫ್ ಸೈನ್ಸ್‌ನಲ್ಲಿ ನಮ್ಮ ವಿಷಯದ ವರ್ಗದೊಳಗೆ ವ್ಯವಹಾರ ನಿರ್ವಹಣೆಯ ಮಾಹಿತಿ ವ್ಯವಸ್ಥೆಗಳ ಪತ್ರಿಕೆಗಳೂ ಇವೆ, ಹಾಗಾಗಿ 'ಕ್ಷೇತ್ರದ ಒಟ್ಟು' ಅನ್ನುವುದೇ ಕಲಬೆರಕೆ. ಯಾವ ಪತ್ರಿಕೆಗಳನ್ನು ಒಟ್ಟು ಲೆಕ್ಕಕ್ಕೆ ಸೇರಿಸಿದಿರಿ, ಯಾವುದನ್ನು ಬಿಟ್ಟಿರಿ ಎಂದು ಬರೆದರೆ ಓದುವವರು ತಾವೇ ತೂಗಿ ನೋಡಬಹುದು.

ಇತ್ತೀಚೆಗೆ ಒಬ್ಬ ವಿದ್ಯಾರ್ಥಿ ಗ್ರಂಥಾಲಯ ಬಳಕೆದಾರರ ಅಧ್ಯಯನಗಳಿಗೆ ಹೀಗೆ ಪಾಲು ಲೆಕ್ಕ ಹಾಕಿದರು. ಗೆರೆ ಚಪ್ಪಟೆ ಬಂತು. ಪ್ರಬಂಧವೇ ಹಾಳಾಯಿತು ಅಂತ ಅಳುಮುಖ ಮಾಡಿಕೊಂಡು ಬಂದರು. ಸಾರಾಂಶಗಳನ್ನು ಒಂದೊಂದಾಗಿ ಓದಿ ಎಂದೆ. ಓದಿದಾಗ ಅವರ ಸಂಗ್ರಹದಲ್ಲಿ ಹಳೆಯ ಲೇಖನಗಳು ಹೆಚ್ಚಾಗಿ ತೃಪ್ತಿ ಅಳೆಯುವ ಪ್ರಶ್ನಾವಳಿಗಳು, ಹೊಸವುಗಳಲ್ಲಿ ಸಂದರ್ಶನಗಳು ಜಾಸ್ತಿ ಅಂತ ಕಂಡಿತು. ಎಷ್ಟು ಒಳ್ಳೆಯ ವಿಷಯ ಸಿಕ್ಕಿತು ನೋಡಿ! ಈಗ ಒಂದೊಂದು ಲೇಖನವನ್ನೂ ವಿಧಾನದ ಪ್ರಕಾರ ಕೈಯಲ್ಲೇ ವಿಂಗಡಿಸುತ್ತಿದ್ದಾರೆ. ಅದರಲ್ಲಿ ಒಂದಷ್ಟನ್ನು ಇನ್ನೊಬ್ಬರ ಕೈಲೂ ಬೇರೆಯಾಗಿ ವಿಂಗಡಿಸಿ, ಇಬ್ಬರದ್ದೂ ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕಿ ತರಲು ಹೇಳಿದ್ದೇನೆ.