ಸ್ತನ ಚಿಕ್ಕದು ಮಾಡಿಸುವ ಆಪರೇಷನ್ ನನಗೆ ಬೇಕಾ, ಬೇಡವಾ?

ಪ್ರಶ್ನೆ: ನನಗೆ 29 ವರ್ಷ. ಕಾಲೇಜಿನ ದಿನಗಳಿಂದಲೂ ಎದೆ ತುಂಬ ದೊಡ್ಡದು. ಸಂಜೆ ಹೊತ್ತಿಗೆ ಕುತ್ತಿಗೆ, ಭುಜ ಹಿಡಿದುಕೊಂಡಿರುತ್ತವೆ. ಬ್ರಾ ಪಟ್ಟಿ ಕೂರುವ ಜಾಗದಲ್ಲಿ ಗುಳಿ ಬಿದ್ದಿದೆ. ಸೆಕೆಗಾಲದಲ್ಲಿ ಎದೆಯ ಕೆಳಗೆ ದದ್ದು, ಉರಿ. ಡಾಕ್ಟರಿಗೆ ಹೇಳಿದರೆ ತೂಕ ಇಳಿಸಿ ಅನ್ನುತ್ತಾರೆ. ಮನೆಯವರು ಅದಕ್ಕೆಲ್ಲ ಯಾರಾದರೂ ಆಪರೇಷನ್ ಮಾಡಿಸುತ್ತಾರಾ ಅನ್ನುತ್ತಾರೆ. ಇನ್ನೂ ಮಕ್ಕಳಾಗಿಲ್ಲ. ಸ್ತನದ ಗಾತ್ರ ಕಡಿಮೆ ಮಾಡುವ ಆಪರೇಷನ್ ನನಗೆ ಸರಿಹೋಗುತ್ತದೆಯೇ? ಇದನ್ನು ತೀರ್ಮಾನಿಸುವುದು ಹೇಗೆ?

ಉತ್ತರ:

ಈ ಪ್ರಶ್ನೆ ಕೇಳುವ ಹೆಚ್ಚಿನವರು ಒಂದು ಅಳತೆ ಹುಡುಕುತ್ತಿರುತ್ತಾರೆ. ಬ್ರಾ ಸೈಜ್ ಇಷ್ಟು ದಾಟಿದರೆ ಮಾಡಿಸಬಹುದು, ದಾಟದಿದ್ದರೆ ಬೇಡ ಅನ್ನುವಂಥದ್ದು. ಅಂಥ ಗೆರೆ ಎಲ್ಲೂ ಇಲ್ಲ. ಒಂದೇ ಸೈಜಿನ ಇಬ್ಬರಲ್ಲಿ ಒಬ್ಬರು ನೋವಿನ ಮಾತ್ರೆ ನುಂಗಿ ದಿನ ತಳ್ಳುತ್ತಿರುತ್ತಾರೆ. ಇನ್ನೊಬ್ಬರಿಗೆ ಅದೊಂದು ತೊಂದರೆ ಅಂತಲೇ ಅನಿಸಿರುವುದಿಲ್ಲ. ಎತ್ತರ, ಮೈಕಟ್ಟು, ಬೆನ್ನಿನ ಬಲ, ಮಾಡುವ ಕೆಲಸ, ಎಲ್ಲವೂ ಇದರಲ್ಲಿ ಸೇರಿಕೊಂಡಿವೆ. ಹಾಗಾಗಿ ಟೇಪು ಪಕ್ಕಕ್ಕಿಟ್ಟು, ಆ ಭಾರದಿಂದ ನಿಮ್ಮ ದಿನ ಹೇಗೆ ಕೆಡುತ್ತಿದೆ ಅನ್ನುವುದರಿಂದ ಶುರು ಮಾಡೋಣ.

ಮೊದಲು, ನೋವು ಎದೆಯ ಭಾರದಿಂದಲೇ ಬರುತ್ತಿದೆಯಾ ಅಂತ ತಿಳಿಯಬೇಕು. ಕುತ್ತಿಗೆ, ಬೆನ್ನು ನೋಯಲು ಬೇರೆ ಕಾರಣಗಳೂ ಹತ್ತಾರಿವೆ. ಭಾರದಿಂದ ಬರುವ ನೋವು ಸಾಮಾನ್ಯವಾಗಿ ಹೊತ್ತು ಹೋದಂತೆ ಜಾಸ್ತಿಯಾಗುತ್ತದೆ, ಮಲಗಿದರೆ ಇಳಿಯುತ್ತದೆ. ಎರಡೂ ಕೈಯಿಂದ ಎದೆಯನ್ನು ಸ್ವಲ್ಪ ಎತ್ತಿ ಹಿಡಿದಾಗ ಭುಜ ಹಗುರವಾದರೆ ಅದೂ ಒಂದು ಸುಳಿವು. ನೀವು ಹೇಳಿದ ಪಟ್ಟಿಯ ಗುಳಿ, ಮಡಿಕೆಯಲ್ಲಿ ಮತ್ತೆ ಮತ್ತೆ ಏಳುವ ದದ್ದು, ಇವೆರಡೂ ಇದಕ್ಕೆ ಹೊಂದುವ ಲಕ್ಷಣಗಳೇ. ಕೈಬೆರಳು ಜೋಮು ಹಿಡಿಯುವುದೂ ಕೆಲವರಲ್ಲಿ ಉಂಟು. ಆದರೆ ಕುತ್ತಿಗೆಯ ನರ ಒತ್ತಿಕೊಂಡರೂ ಹಾಗೇ ಆಗುತ್ತದೆ. ಅದನ್ನು ಪರೀಕ್ಷೆ ಮಾಡಿಸದೆ ಬಿಡಬೇಡಿ.

ಬ್ರಾ ವಿಷಯ ಸಣ್ಣದು ಅನಿಸಬಹುದು, ಆದರೂ ಹೇಳಲೇಬೇಕು. ತಪ್ಪು ಸೈಜಿನ ಬ್ರಾ ಹಾಕುವವರು ತುಂಬ ಜನ. ಭಾರವನ್ನು ಹೊರಬೇಕಾದ್ದು ಎದೆಯ ಕೆಳಗೆ ಸುತ್ತುವ ಪಟ್ಟಿ, ಭುಜದ ಪಟ್ಟಿಯಲ್ಲ. ಸುತ್ತಿನ ಪಟ್ಟಿ ಸಡಿಲವಾಗಿ ಬೆನ್ನ ಮೇಲೆ ಏರುತ್ತಿದ್ದರೆ ಎಲ್ಲ ಭಾರ ಭುಜಕ್ಕೆ ಬೀಳುತ್ತದೆ. ಸರಿಯಾಗಿ ಅಳತೆ ತೆಗೆಸಿ, ಅಗಲ ಪಟ್ಟಿಯದ್ದನ್ನು ಕೆಲವು ವಾರ ಹಾಕಿ ನೋಡಿ. ಅಷ್ಟರಲ್ಲೇ ನೋವು ಹೋದರೆ ಒಳ್ಳೆಯದೇ ಆಯಿತು.

ಇನ್ನು 'ತೂಕ ಇಳಿಸಿ' ಅನ್ನುವ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಸ್ತನದಲ್ಲಿ ಇರುವುದು ಹಾಲಿನ ಗ್ರಂಥಿ, ಕೊಬ್ಬು, ಅವನ್ನು ಹಿಡಿದಿಡುವ ಅಂಗಾಂಶ, ಮೇಲೆ ಚರ್ಮ. ಯಾರಲ್ಲಿ ಕೊಬ್ಬು ಎಷ್ಟು, ಗ್ರಂಥಿ ಎಷ್ಟು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ಕೊಬ್ಬಿನ ಪಾಲು ಜಾಸ್ತಿ ಇರುವವರಿಗೆ ತೂಕ ಇಳಿದಾಗ ಎದೆಯೂ ಕರಗುತ್ತದೆ. ಗ್ರಂಥಿಯ ಪಾಲೇ ಜಾಸ್ತಿ ಇದ್ದರೆ ಹೊಟ್ಟೆ, ಮುಖ ಎಲ್ಲ ಇಳಿದು ಎದೆ ಮಾತ್ರ ಹಾಗೇ ಉಳಿಯುತ್ತದೆ. ಮಾಮೂಲು ತೂಕದವರಲ್ಲೂ, ತೆಳ್ಳಗಿನವರಲ್ಲೂ ಈ ತೊಂದರೆ ಇದೆ. ಅವರಿಗೆ ಇಳಿಸಲು ತೂಕವಾದರೂ ಎಲ್ಲಿದೆ? ಮತ್ತೊಂದು ಇಕ್ಕಟ್ಟು ನೋಡಿ: ಓಡಿದರೆ, ಹಾರಿದರೆ ಎದೆ ನೋಯುತ್ತದೆ. ವ್ಯಾಯಾಮ ಮಾಡಲು ಆಗದವರಿಗೆ ವ್ಯಾಯಾಮ ಮಾಡಿ ಬಾ ಅಂದಂತಾಗುತ್ತದೆ.

ಅಮೆರಿಕದಲ್ಲಿ 2000ದ ದಶಕದ ಆರಂಭದಲ್ಲಿ ಪ್ರಕಟವಾದ 'ಬ್ರಾವೊ' ಎಂಬ ಅಧ್ಯಯನ ಇದನ್ನೇ ಪರೀಕ್ಷಿಸಿತು. ತೂಕ ಇಳಿಸುವುದು, ಫಿಸಿಯೊಥೆರಪಿ, ವಿಶೇಷ ಬ್ರಾ, ಇವು ಯಾವುವೂ ಇಂಥ ಹೆಂಗಸರಿಗೆ ಶಾಶ್ವತ ಪರಿಹಾರ ಕೊಡಲಿಲ್ಲ. ಆಪರೇಷನ್ ಕೊಟ್ಟಿತು. ಎಷ್ಟು ಗ್ರಾಂ ತೆಗೆದರು ಅನ್ನುವುದಕ್ಕೂ ನೋವು ಎಷ್ಟು ಇಳಿಯಿತು ಅನ್ನುವುದಕ್ಕೂ ನೇರ ಸಂಬಂಧ ಕಾಣಲಿಲ್ಲ ಅನ್ನುವುದು ಅದರ ಇನ್ನೊಂದು ತಿಳಿವು. ಇಷ್ಟಾದರೂ ಎಷ್ಟೋ ಇನ್ಶೂರೆನ್ಸ್ ಕಂಪನಿಗಳು ಗ್ರಾಂ ಲೆಕ್ಕವನ್ನೇ ಹಿಡಿದು ಕೂತಿವೆ. ಒಂದೊಂದು ಕಡೆಯಿಂದ 500 ಗ್ರಾಂ ತೆಗೆಯಬೇಕು, ಇಲ್ಲವೇ ಮೈಯ ಅಳತೆಗೆ ತಕ್ಕಂತೆ ಇಷ್ಟು ತೆಗೆಯಬೇಕು ಅಂತ. ಮೈಯಳತೆಯ ಈ ಪಟ್ಟಿಗೆ ಶ್ನರ್ ಪಟ್ಟಿ ಅಂತ ಹೆಸರು, ಬಂದದ್ದು 1991ರಲ್ಲಿ. ನಿಮ್ಮ ಖರ್ಚನ್ನು ಇನ್ಶೂರೆನ್ಸ್ ಭರಿಸಬೇಕಾದರೆ ಅವರ ನಿಯಮವನ್ನು ಮೊದಲೇ ಕೇಳಿ. ಚರ್ಮದ ಡಾಕ್ಟರ್ ಚೀಟಿ, ಫಿಸಿಯೊಥೆರಪಿ ರಸೀದಿ, ದದ್ದಿನ ಫೋಟೊ ಎಲ್ಲ ಎತ್ತಿಡಿ. ಅವರು ಇಲ್ಲ ಅಂದರೆ ನಿಮ್ಮ ನೋವು ಸುಳ್ಳು ಅಂತ ಅರ್ಥವಲ್ಲ.

ಈಗ ಆಪರೇಷನ್‌ನಲ್ಲಿ ಏನು ಮಾಡುತ್ತಾರೆ ಅನ್ನುವುದು. ಪೂರ್ತಿ ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ 2ರಿಂದ 4 ಗಂಟೆ. ಜಾಸ್ತಿಯಿರುವ ಗ್ರಂಥಿ, ಕೊಬ್ಬು, ಚರ್ಮ ತೆಗೆಯುತ್ತಾರೆ. ಮೊಲೆತೊಟ್ಟನ್ನು ಅದರ ರಕ್ತನಾಳ, ನರಗಳಿರುವ ಒಂದು ತುಂಡು ಅಂಗಾಂಶಕ್ಕೆ ಅಂಟಿಕೊಂಡಿರುವಂತೆಯೇ ಬಿಟ್ಟು, ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ತೊಟ್ಟನ್ನು ಪೂರ್ತಿ ಬಿಡಿಸಿ ಮತ್ತೆ ಕೂರಿಸುವುದು ಸ್ತನ ತೀರಾ ದೊಡ್ಡದಾಗಿ ಜೋತುಬಿದ್ದಿದ್ದಾಗ ಮಾತ್ರ. ಹಾಗೆ ಮಾಡಿದರೆ ಹಾಲೂಡಿಸಲು ಆಗುವುದಿಲ್ಲ, ತೊಟ್ಟಿನ ಸ್ಪರ್ಶವೂ ಬಹುಮಟ್ಟಿಗೆ ಹೋಗುತ್ತದೆ. ಚರ್ಮ ಬಿಗಿಯಾಗಿದ್ದು ಕೊಬ್ಬೇ ಜಾಸ್ತಿ ಇರುವ ಕೆಲವರಿಗೆ ಲೈಪೊಸಕ್ಷನ್, ಅಂದರೆ ಸಣ್ಣ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು, ಒಂದೇ ಸಾಕಾಗಬಹುದು.

ಅನೇಕರು ಅದೇ ದಿನ ಅಥವಾ ಮಾರನೆಯ ದಿನ ಮನೆಗೆ ಬರುತ್ತಾರೆ. ಕೂತು ಮಾಡುವ ಕೆಲಸಕ್ಕೆ ಒಂದೆರಡು ವಾರದಲ್ಲಿ ಹೋಗಬಹುದು. ಭಾರ ಎತ್ತುವುದು, ಓಡುವುದು ಸುಮಾರು 4ರಿಂದ 6 ವಾರ ಬೇಡ. ಮನೆಯಲ್ಲಿ ಎತ್ತಿಕೊಳ್ಳಬೇಕಾದ ಮಗು ಇದ್ದರೆ ಅದಕ್ಕೂ ಇದೇ ನಿಯಮ. ಈ ಒಂದು ವಿಷಯವನ್ನು ಮೊದಲೇ ಯೋಚಿಸದೆ ಆಮೇಲೆ ಪರದಾಡುವವರಿದ್ದಾರೆ.

ಬದಲಿಗೆ ನೀವು ಕೊಡುವುದೇನು? ಎಲ್ಲಕ್ಕಿಂತ ಮೊದಲು ಕಲೆ. ಸಾಮಾನ್ಯವಾಗಿ ತೊಟ್ಟಿನ ಸುತ್ತ ಒಂದು, ಅಲ್ಲಿಂದ ಕೆಳಕ್ಕೆ ಒಂದು, ಕೆಳಗಿನ ಮಡಿಕೆಯುದ್ದಕ್ಕೂ ಇನ್ನೊಂದು. ಅಡ್ಡ ಕಲೆ ಇಲ್ಲದ ವಿಧಾನವೂ ಇದೆ, ಅದು ಎಲ್ಲರಿಗೂ ಹೊಂದುವುದಿಲ್ಲ. ಮೊದಲ ಕೆಲವು ತಿಂಗಳು ಕಲೆ ಕೆಂಪಗೆ, ಗಟ್ಟಿಯಾಗಿ ಎದ್ದು ಕಾಣುತ್ತದೆ. ಮಾಸಲು ಒಂದು, ಒಂದೂವರೆ ವರ್ಷ ಬೇಕು. ಮಾಸುತ್ತದೆ ಅಂದರೆ ಅಳಿಸಿಹೋಗುತ್ತದೆ ಅಂತಲ್ಲ. ನಿಮಗೆ ಅಥವಾ ಹತ್ತಿರದ ಸಂಬಂಧಿಗಳಿಗೆ ಗಾಯ ಮಾಗಿದ ಮೇಲೆ ಗಡ್ಡೆಯಂತೆ ದಪ್ಪಗೆ ಉಬ್ಬಿದ ಕಲೆ ಉಳಿದ ಚರಿತ್ರೆ ಇದ್ದರೆ, ಅಂದರೆ ಕೀಲಾಯ್ಡ್, ಅದನ್ನು ಮೊದಲ ಭೇಟಿಯಲ್ಲೇ ಹೇಳಿ. ಕಪ್ಪು ಬಣ್ಣದ ಚರ್ಮದವರಲ್ಲಿ ಇದರ ಸಂಭವ ಜಾಸ್ತಿ.

ತೊಟ್ಟಿನ ಸ್ಪರ್ಶ ಕೆಲವರಿಗೆ ಕಡಿಮೆಯಾಗುತ್ತದೆ, ಕೆಲವರಿಗೆ ಕೆಲ ತಿಂಗಳಲ್ಲಿ ಮರಳುತ್ತದೆ, ಕೆಲವರಿಗೆ ಮರಳುವುದೇ ಇಲ್ಲ. ಹೊಲಿಗೆಗಳು ಸೇರುವ ಮೂಲೆಯಲ್ಲಿ ಗಾಯ ಸ್ವಲ್ಪ ಬಿಚ್ಚಿಕೊಂಡು ನಿಧಾನವಾಗಿ ಮಾಗುವುದು ಸಾಮಾನ್ಯ. ಡ್ರೆಸ್ಸಿಂಗ್ ಮಾಡುತ್ತಾ ಹೋದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ರಕ್ತ ಕಟ್ಟಿಕೊಳ್ಳುವುದು, ಸೋಂಕು, ಎರಡು ಕಡೆಗೂ ಸ್ವಲ್ಪ ವ್ಯತ್ಯಾಸ, ಇವೂ ಉಂಟು. ರಕ್ತ ಸಾಲದೆ ತೊಟ್ಟೇ ಸಾಯುವುದು ಅಪರೂಪ, ಆದರೆ ಆಗುವುದೇ ಇಲ್ಲ ಅನ್ನುವಂತಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಇದರ ಅಪಾಯ ನಿಜಕ್ಕೂ ಏರುತ್ತದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಹೊಸ ಜಾಗದಲ್ಲಿ ಉಸಿರು ಹಿಡಿದು ಕೂತ ತೊಟ್ಟಿಗೆ ಬೇಕಾದ್ದೇ ಆ ರಕ್ತ. ಆಪರೇಷನ್‌ಗೆ ಕನಿಷ್ಠ 4 ವಾರ ಮುಂಚೆ ಬಿಡಬೇಕು, ಆಮೇಲೆಯೂ ಅಷ್ಟೇ ವಾರ ಮುಟ್ಟಬಾರದು. ವೇಪ್‌ನಲ್ಲೂ (ಇ-ಸಿಗರೇಟು) ನಿಕೋಟಿನ್ ಇರುತ್ತದೆ ಅನ್ನುವುದು ನೆನಪಿರಲಿ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ತೀರಾ ಜಾಸ್ತಿ ಮೈತೂಕ ಇವೂ ಗಾಯ ಮಾಗಲು ಅಡ್ಡಿ. ತೂಕ ಇಳಿಸುವ ಸಲಹೆಗೆ ನಿಜವಾದ ಅರ್ಥ ಬರುವುದು ಇಲ್ಲಿ: ಆಪರೇಷನ್ ಬದಲಿಗಲ್ಲ, ಆಪರೇಷನ್ ಸುರಕ್ಷಿತವಾಗಲು.

ನಿಮ್ಮ ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ಬಂದುಹೋದ ವಿಷಯಕ್ಕೆ ಬರೋಣ. ಇನ್ನೂ ಮಕ್ಕಳಾಗಿಲ್ಲ ಅಂದಿರಿ. ನನ್ನ ಮಟ್ಟಿಗೆ ನಿಮ್ಮ ತೀರ್ಮಾನದ ತೂಕ ಇರುವುದು ಇಲ್ಲೇ.

ಮಗು ಚೀಪಿದಾಗ ತೊಟ್ಟಿನ ನರಗಳಿಂದ ಮಿದುಳಿಗೆ ಸುದ್ದಿ ಹೋಗಬೇಕು, ಆಗ ಹಾಲು ಇಳಿಯುತ್ತದೆ. ಆ ಹಾಲು ಗ್ರಂಥಿಯಿಂದ ತೊಟ್ಟಿನವರೆಗೆ ಬರಲು ನಾಳಗಳು ಬೇಕು. ತೊಟ್ಟಿನ ಕೆಳಗಿನ ಅಂಗಾಂಶವನ್ನು ಒಂದು ಕಂಬದಂತೆ ಹಾಗೇ ಉಳಿಸುವ ವಿಧಾನಗಳಲ್ಲಿ ಈ ಎರಡೂ ಬಹುಪಾಲು ಉಳಿಯುತ್ತವೆ. ಅಂಥವರಲ್ಲಿ ಎಷ್ಟೋ ಜನ ಹಾಲೂಡಿಸಿದ್ದಾರೆ, ಕೆಲವರು ಪೂರ್ತಿಯಾಗಿ, ಕೆಲವರು ಬಾಟಲಿ ಹಾಲಿನ ಜೊತೆಗೆ. ಆದರೆ ನಿಮಗೆ ಆಗೇ ಆಗುತ್ತದೆ ಅಂತ ಯಾವ ಸರ್ಜನ್ ಕೂಡ ಮಾತು ಕೊಡಲಾರರು. ಕೊಟ್ಟರೆ ಅನುಮಾನ ಪಡಿ. ಆಪರೇಷನ್ ಇಲ್ಲದೆಯೂ ಹಾಲು ಸಾಲದ ತಾಯಂದಿರಿದ್ದಾರೆ ಅನ್ನುವುದೂ ನಿಜವೇ. ಆದರೆ ಅದನ್ನು ಸಮಾಧಾನಕ್ಕೆ ಬಳಸಬಹುದೇ ಹೊರತು ಲೆಕ್ಕಕ್ಕಲ್ಲ.

ಬಸಿರು, ಹಾಲೂಡಿಸುವಿಕೆ ಎರಡೂ ಸ್ತನದ ಗಾತ್ರವನ್ನು ಬದಲಿಸುತ್ತವೆ. ಮೊದಲು ಆಪರೇಷನ್ ಮಾಡಿಸಿ, ಆಮೇಲೆ ಹೆತ್ತರೆ ಆಕಾರ ಸ್ವಲ್ಪ ಕೆಡಬಹುದು, ಮತ್ತೆ ದೊಡ್ಡದಾಗಬಹುದು. ಮುಂದಿನ ಒಂದೆರಡು ವರ್ಷದಲ್ಲಿ ಮಗು ಬೇಕು, ಎದೆಹಾಲು ಕುಡಿಸಲೇಬೇಕು ಅನ್ನುವ ಆಸೆ ಗಟ್ಟಿಯಿದ್ದರೆ, ಕಾಯುವುದು ನನಗೆ ಸರಿ ಕಾಣುತ್ತದೆ. ಹಾಲು ಬಿಡಿಸಿ ಸುಮಾರು 6 ತಿಂಗಳಾದ ಮೇಲೆ ಗಾತ್ರ ಒಂದು ಹದಕ್ಕೆ ನಿಲ್ಲುತ್ತದೆ, ಆಗ ಮಾಡಿಸಬಹುದು. ಆದರೆ ಮಗುವಿನ ಯೋಚನೆಯೇ ದೂರದ್ದು, ನೋವು ಮಾತ್ರ ದಿನವೂ ಅಂದರೆ? ಎಂದೋ ಆಗಬಹುದಾದ ಮಗುವಿಗಾಗಿ ಹತ್ತು ವರ್ಷ ಭುಜ ಹಿಡಿಸಿಕೊಂಡು ಕೂರಬೇಕು ಅಂತ ಯಾರೂ ನಿಮಗೆ ಹೇಳುವಂತಿಲ್ಲ, ಅಲ್ವಾ? ಮಕ್ಕಳಾಗುವ ಮುಂಚೆಯೇ ಮಾಡಿಸಿಕೊಂಡವರು ತುಂಬ ಜನ ಇದ್ದಾರೆ. ಎರಡರಲ್ಲಿ ಯಾವುದು ದೊಡ್ಡದು ಅಂತ ತೂಗಬೇಕಾದವರು ನೀವೇ, ಅತ್ತೆಯೂ ಅಲ್ಲ, ಗಂಡನೂ ಅಲ್ಲ, ಡಾಕ್ಟರೂ ಅಲ್ಲ.

ವಯಸ್ಸಿನ ಮಾತು ನಿಮಗೆ ಬೇಡ, ಆದರೆ ಇದನ್ನು ಓದುವ ಹುಡುಗಿಯರ ಅಮ್ಮಂದಿರಿಗಾಗಿ ಒಂದು ಸಾಲು: ಎದೆ ಬೆಳೆಯುವುದು ನಿಂತು ಗಾತ್ರ ಸ್ಥಿರವಾಗುವವರೆಗೆ ಸಾಮಾನ್ಯವಾಗಿ ಕಾಯುತ್ತಾರೆ. ಹದಿವಯಸ್ಸಿನಲ್ಲೇ ವಿಪರೀತ ವೇಗವಾಗಿ ಬೆಳೆಯುವ ಒಂದು ಸ್ಥಿತಿಯಿದೆ, ಅದಕ್ಕೆ ಮಾತ್ರ ಬೇಗ ನೋಡಬೇಕಾಗುತ್ತದೆ.

ನೋವೇ ಇಲ್ಲ, ಜನ ನೋಡುವ ರೀತಿಯೇ ಹಿಂಸೆ, ಬೇಕಾದ ಬಟ್ಟೆ ಹಾಕಲು ಆಗುವುದಿಲ್ಲ ಅನ್ನುವವರೂ ಬರೆಯುತ್ತಾರೆ. ಅದು ಸಣ್ಣ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಕಲೆಯ ಲೆಕ್ಕ ಅವರಿಗೆ ಬೇರೆಯೇ ಆಗುತ್ತದೆ. ನೋವು ಹೋದವರು ಕಲೆಯನ್ನು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ. ಅಂದಕ್ಕಾಗಿಯೇ ಮಾಡಿಸಿದವರು ಕನ್ನಡಿ ಮುಂದೆ ಮೊದಲು ನೋಡುವುದು ಅದನ್ನೇ. ಇನ್ನು ಯಾರೋ ಬಲವಂತ ಮಾಡಿದರು ಅಂತ ಹೋಗುವವರು, ಮೈಯ ಯಾವ ಭಾಗವೂ ಸರಿಯಿಲ್ಲ ಅಂತ ಸದಾ ಕೊರಗುವವರು ಆಪರೇಷನ್ ಟೇಬಲ್‌ಗಿಂತ ಮೊದಲು ಮನಸ್ಸಿನ ಡಾಕ್ಟರ ಬಳಿ ಒಮ್ಮೆ ಮಾತಾಡಲಿ.

ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋದಾಗ 'ಇಂಥ ಕಪ್ ಸೈಜ್ ಮಾಡಿಕೊಡಿ' ಅಂತ ಕೇಳಬೇಡಿ. ಬ್ರಾ ಕಂಪನಿಗೆ ಒಂದೊಂದು ಅಳತೆ. ತೊಟ್ಟಿಗೆ ರಕ್ತ ಹರಿಯಲು ಎಷ್ಟು ಅಂಗಾಂಶ ಬಿಡಬೇಕು ಅನ್ನುವುದರ ಮೇಲೂ ಗಾತ್ರ ನಿಂತಿದೆ. ಎದೆ ಮೈಗೆ ಹೊಂದುವಂತಿರಬೇಕೋ, ಆದಷ್ಟು ಚಿಕ್ಕದಾಗಬೇಕೋ ಅನ್ನುವುದನ್ನು ಹೇಳಿ. ನನಗೆ ಯಾವ ವಿಧಾನ, ಏಕೆ? ತೊಟ್ಟನ್ನು ಬಿಡಿಸಿ ಕೂರಿಸಬೇಕಾಗುವ ಸಂಭವ ಇದೆಯಾ? ಗಾಯ ಬಿಚ್ಚಿಕೊಂಡರೆ ಯಾರು ನೋಡುತ್ತಾರೆ, ಎರಡನೆಯ ಸಲ ಸರಿಪಡಿಸಬೇಕಾದರೆ ಖರ್ಚು ಯಾರದು? ಇವನ್ನು ಕೇಳಿ. ಆಪರೇಷನ್‌ಗೆ ಮುಂಚೆ ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಬೇಕೋ ಅನ್ನುವುದು ವಯಸ್ಸು, ಮನೆತನದಲ್ಲಿ ಸ್ತನ ಕ್ಯಾನ್ಸರ್ ಇತ್ತೋ ಅನ್ನುವುದರ ಮೇಲೆ ಹೋಗುತ್ತದೆ. ಮುಂದೆ ಯಾವಾಗ ಮ್ಯಾಮೊಗ್ರಾಮ್ ಮಾಡಿಸಿದರೂ ಹೀಗೊಂದು ಆಪರೇಷನ್ ಆಗಿದೆ ಅಂತ ಹೇಳಬೇಕು. ಒಳಗಿನ ಕಲೆ ಚಿತ್ರದಲ್ಲಿ ಗೊಂದಲ ಮಾಡುತ್ತದೆ.

ಫೋಟೊ ತೋರಿಸಿ ಅಂದರೆ ಎಲ್ಲರೂ ಚೆನ್ನಾಗಿ ಬಂದದ್ದನ್ನೇ ತೋರಿಸುತ್ತಾರೆ. ನಿಮ್ಮಂಥ ಮೈಕಟ್ಟಿನವರದ್ದು, ನಿಮ್ಮಂಥ ಚರ್ಮದ ಬಣ್ಣದವರದ್ದು, ಒಂದು ವರ್ಷ ಆದ ಮೇಲೆ ತೆಗೆದದ್ದು ಇದ್ದರೆ ಕೇಳಿ. ಕಲೆ ಅಷ್ಟು ಚೆನ್ನಾಗಿ ಮಾಗದ ಒಂದಾದರೂ ಇರಲಿ. ತೋರಿಸಿದರೆ ಅದನ್ನು ನಿಧಾನವಾಗಿ ನೋಡಿ, ಅವತ್ತೇ ತಾರೀಕು ಗೊತ್ತುಮಾಡಿಕೊಳ್ಳದೆ ಮನೆಗೆ ಬನ್ನಿ. ತೋರಿಸಲು ಹಿಂದೇಟು ಹಾಕಿದರೆ ಇನ್ನೊಬ್ಬ ಸರ್ಜನ್‌ ಹತ್ತಿರವೂ ಹೋಗಿ.